ಓದುಗರ ಕೆಲಸವೂ ಆಗಬೇಕು, ಗೂಗಲ್‌ನಲ್ಲಿ ಮೇಲೂ ಬರಬೇಕು: ಅಡಿಕೆ ಕೊಳೆರೋಗದ ಒಂದು ಪುಟ ಹಿಡಿದು ಸಮಗ್ರ ಮಾರ್ಗದರ್ಶಿ

"ನಮ್ಮ ವೆಬ್‌ಸೈಟ್ ಗೂಗಲ್‌ನಲ್ಲಿ ಮೇಲೆ ಬರಬೇಕು, ಏನು ಮಾಡಬೇಕು?" ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಯಾರು, ಯಾವ ಕೆಲಸ ಅರ್ಧಕ್ಕೆ ನಿಲ್ಲಿಸಿ, ಏನು ತಿಳಿಯಲು ನಿಮ್ಮ ಪುಟಕ್ಕೆ ಬರುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಮುಂದಿನ ಎಸ್‌ಇಒ (ಹುಡುಕಾಟದಲ್ಲಿ ಪುಟ ಮೇಲೆ ತರುವ ಕೆಲಸ) ಎಲ್ಲ ದಂಡ.

ಬರೀ ತತ್ವ ಹೇಳಿದರೆ ತಲೆಗೆ ಹತ್ತುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ಪುಟವನ್ನು ಮೊದಲಿಂದ ಕೊನೆಯವರೆಗೆ ಕಟ್ಟೋಣ. ವಿಷಯ: ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನೀರಿನಲ್ಲಿ ಬೆರೆಸಿದ ಔಷಧಿ, ತಯಾರಿಸುವುದು. ಮಲೆನಾಡು, ಕರಾವಳಿಯ ತೋಟದವರಿಗೆ ಪ್ರತಿ ಮಳೆಗಾಲ ಬೇಕಾಗುವ ಮಾಹಿತಿ ಇದು. ನಿಮ್ಮ ವಿಷಯ ಪಹಣಿ ತಿದ್ದುಪಡಿ ಇರಬಹುದು, ಹೊಲಿಗೆ ಯಂತ್ರದ ರಿಪೇರಿ ಇರಬಹುದು. ದಾರಿ ಇದೇ.

ಒಂದು ಪುಟ, ಒಬ್ಬ ಓದುಗ

"ಅಡಿಕೆ ಕೃಷಿ: ಸಂಪೂರ್ಣ ಮಾಹಿತಿ" ಅಂತ ಒಂದು ಪುಟ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಸಸಿ, ಗೊಬ್ಬರ, ನೀರಾವರಿ, ರೋಗ, ಮಾರುಕಟ್ಟೆ ಎಲ್ಲವೂ ಒಂದೇ ಕಡೆ. ಇಂಥ ಪುಟ ಯಾರ ಕೈಗೂ ಸರಿಯಾಗಿ ಸಿಗುವುದಿಲ್ಲ. ಸಸಿ ನೆಡುವವನಿಗೆ ಕೊಳೆರೋಗ ಬೇಡ, ಕೊಳೆರೋಗದವನಿಗೆ ಮಾರುಕಟ್ಟೆ ದರ ಬೇಡ.

ನಮ್ಮ ಓದುಗ ಯಾರು ಅಂತ ಬರೆದಿಟ್ಟುಕೊಳ್ಳೋಣ. ಜೂನ್ ಮೊದಲ ವಾರ, ಮೋಡ ಕಟ್ಟಿದೆ. ಮದ್ದು ಹೊಡೆಯುವವರು ನಾಳೆ ಬೆಳಿಗ್ಗೆ ಬರುತ್ತೇವೆ ಅಂತ ಫೋನ್ ಮಾಡಿದ್ದಾರೆ. ಮನೆ ಹಿಂದೆ 200 ಲೀಟರ್ ಬ್ಯಾರಲ್ ಇದೆ, ತುತ್ತ ತಂದಾಗಿದೆ, ಸುಣ್ಣ ಎಷ್ಟು ಬೇಕು ಅನ್ನೋದರಲ್ಲಿ ಅನುಮಾನ. ಹೋದ ವರ್ಷ ಇದನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು ಅಪ್ಪ. ಈ ವರ್ಷ ಮಗನ ಪಾಲಿಗೆ ಬಂದಿದೆ. ಅವನ ಕೈಯಲ್ಲಿರುವುದು ಮೊಬೈಲ್, ಸಿಗ್ನಲ್ ಎರಡು ಕಡ್ಡಿ.

ಇಷ್ಟು ಗೊತ್ತಾದರೆ ಪುಟದಲ್ಲಿ ಏನು ಮೊದಲು ಬರಬೇಕು, ಏನು ಬೇಡ ಅನ್ನೋದು ತಾನಾಗಿಯೇ ತೀರ್ಮಾನ ಆಗುತ್ತದೆ. ಅಡಿಕೆಯ ಮೂಲ ಯಾವ ದೇಶ ಅನ್ನೋದು ಅವನಿಗೆ ಆ ಹೊತ್ತಲ್ಲಿ ಬೇಕಾಗಿಲ್ಲ.

ಜನ ಹುಡುಕುವ ಮಾತು ಯಾವುದು?

ಈ ಹಂತಕ್ಕೆ ಸಮಯ ಜಾಸ್ತಿ ಕೊಡಿ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ತೊಡಕಿನ ಕೆಲಸ. ಜನ ಯಾವ ಪದ ಎಷ್ಟು ಹುಡುಕುತ್ತಾರೆ ಅಂತ ತೋರಿಸುವ ಕೀವರ್ಡ್ ಟೂಲ್‌ಗಳನ್ನು ನೆಚ್ಚಿಕೊಂಡರೆ ಆಗುವುದಿಲ್ಲ. ಕನ್ನಡದ ಹುಡುಕಾಟಗಳಿಗೆ ಅವು ಎಷ್ಟೋ ಸಲ "ಮಾಹಿತಿ ಇಲ್ಲ" ಅಂತ ಕೈಚೆಲ್ಲುತ್ತವೆ. ಟೂಲ್ ಸೊನ್ನೆ ತೋರಿಸಿತು ಅಂದ ಮಾತ್ರಕ್ಕೆ ಯಾರೂ ಹುಡುಕುತ್ತಿಲ್ಲ ಅಂತಲ್ಲ.

ಮೊದಲು ಊರಿನ ಮಾತು ಕೂಡಿಸಿ. ರೋಗಕ್ಕೆ ಕೆಲವರು ಕೊಳೆರೋಗ ಅನ್ನುತ್ತಾರೆ, ಕೆಲವರು ಬರೀ ಕೊಳೆ. ಕರಾವಳಿಯಲ್ಲಿ ಮಹಾಳಿ ಅಂತಲೂ ಹೇಳುವುದುಂಟು. ಅಡಿಕೆಯ ಗೊಂಚಲು ಒಂದು ಕಡೆ ಗೊನೆ, ಇನ್ನೊಂದು ಕಡೆ ಕೊನೆ. ಒಬ್ಬರು ಔಷಧಿ ಹೊಡೆಯುತ್ತಾರೆ, ಇನ್ನೊಬ್ಬರು ಮದ್ದು ಬಿಡುತ್ತಾರೆ. ಅಂಗಡಿಯಲ್ಲಿ ತುತ್ತ, ಮೈಲುತುತ್ತ. ಕೃಷಿ ಇಲಾಖೆಯ ಕರಪತ್ರದಲ್ಲಿ ತಾಮ್ರದ ಸಲ್ಫೇಟ್. ದ್ರಾವಣದ ಹೆಸರನ್ನೇ ನೋಡಿ: ಬೋರ್ಡೋ, ಬೋರ್ಡೊ, ಬೋಡೋ. ಪುಸ್ತಕದ ಮಾತು ಒಂದನ್ನೇ ಹಿಡಿದು ಬರೆದರೆ ಪುಟ ಸರಿಯಾಗಿಯೇ ಇರುತ್ತದೆ, ಆದರೆ ಹುಡುಕುವವರ ಮಾತಿಗೆ ಸಿಗುವುದಿಲ್ಲ.

ಇವನ್ನೆಲ್ಲ ಎಲ್ಲಿಂದ ತರುವುದು? ಗೂಗಲ್ ಹುಡುಕು ಪೆಟ್ಟಿಗೆಯಲ್ಲಿ "ಅಡಿಕೆ ಕೊಳೆ" ಅಂತ ಟೈಪ್ ಮಾಡಿ ನಿಲ್ಲಿಸಿ, ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳಿ. ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಕನ್ನಡದ ಎಷ್ಟೋ ಹುಡುಕಾಟ ಇಂಗ್ಲಿಷ್ ಅಕ್ಷರದಲ್ಲೇ ಆಗುತ್ತದೆ, ಸಲಹೆಗಳೂ ಬೇರೆ ಬರುತ್ತವೆ. ಮೈಕ್ ಒತ್ತಿ ಮಾತಾಡಿಯೂ ನೋಡಿ. ಮಾತಾಡಿ ಹುಡುಕುವವರು ಎರಡು ಪದಕ್ಕೆ ನಿಲ್ಲಿಸುವುದಿಲ್ಲ, ಪೂರ್ತಿ ವಾಕ್ಯ ಹೇಳುತ್ತಾರೆ: "ಅಡಿಕೆಗೆ ಬೋರ್ಡೋ ಯಾವಾಗ ಹೊಡೆಯಬೇಕು".

ಫಲಿತಾಂಶದ ಪುಟದ ನಡುವೆ ಜನ ಕೇಳುವ ಇತರ ಪ್ರಶ್ನೆಗಳ ಪೆಟ್ಟಿಗೆ ಬಂದರೆ ಅದನ್ನೂ ಬಿಡಬೇಡಿ. ಯೂಟ್ಯೂಬ್‌ನಲ್ಲಿ ಇದೇ ವಿಷಯದ ವಿಡಿಯೋ ತೆಗೆದು ಅದರ ಕೆಳಗಿನ ಕಾಮೆಂಟ್ ಓದಿ. ನನ್ನ ಲೆಕ್ಕದಲ್ಲಿ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಕೀವರ್ಡ್ ಟೂಲ್ ಇಲ್ಲ. "ಸರ್, ಹೊಡೆದ ಒಂದು ಗಂಟೆಗೆ ಮಳೆ ಬಂತು, ಮತ್ತೆ ಹೊಡೀಬೇಕಾ?" ಅಂತ ಒಬ್ಬರು ಕೇಳಿರುತ್ತಾರೆ, ಉತ್ತರ ಯಾರೂ ಕೊಟ್ಟಿರುವುದಿಲ್ಲ. ನಿಮ್ಮ ಪುಟದ ಒಂದು ಉಪಶೀರ್ಷಿಕೆ ಅಲ್ಲೇ ಸಿಕ್ಕಿತು. ಊರಿನ ಗೊಬ್ಬರದಂಗಡಿಯಲ್ಲಿ ಅರ್ಧ ಗಂಟೆ ನಿಂತರೂ ಇದೇ ಬಗೆಯ ಪ್ರಶ್ನೆಗಳು ಕಿವಿಗೆ ಬೀಳುತ್ತವೆ.

ಗೂಗಲ್ ಟ್ರೆಂಡ್ಸ್ ಇನ್ನೊಂದು ಕೆಲಸಕ್ಕೆ ಬರುತ್ತದೆ: ಋತು ನೋಡಲು. ಕೊಳೆರೋಗ ಮಳೆಗಾಲದ್ದು. ಜೂನ್ ಕೊನೆಗೆ ಪುಟ ಹಾಕಿದರೆ ಗೂಗಲ್ ಅದನ್ನು ಗುರುತಿಸುವಷ್ಟರಲ್ಲಿ ಮೊದಲ ಸಿಂಪಡಣೆ ಮುಗಿದಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲೇ ಹಾಕಿ. ಹಬ್ಬ, ಪರೀಕ್ಷೆ, ಶಾಲಾ ಪ್ರವೇಶದ ವಿಷಯಗಳಿಗೂ ಇದೇ ಲೆಕ್ಕ.

ಈಗ ಮೇಲಿರುವವರು ಏನು ಬಿಟ್ಟಿದ್ದಾರೆ?

ಕೂಡಿಸಿದ ಪ್ರಶ್ನೆಗಳಲ್ಲಿ ಮುಖ್ಯವಾದ ನಾಲ್ಕೈದನ್ನು ಗೂಗಲ್‌ನಲ್ಲಿ ಹುಡುಕಿ, ಮೇಲಿನ ಪುಟಗಳನ್ನು ನಿಜವಾಗಿ ಓದಿ. ನಕಲು ಮಾಡಲು ಅಲ್ಲ, ಬಿಟ್ಟುಹೋದದ್ದನ್ನು ಹಿಡಿಯಲು. ಕನ್ನಡದಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ: ಸುದ್ದಿ ವರದಿ ("ಕೊಳೆರೋಗ: ಬೆಳೆಗಾರರು ಕಂಗಾಲು"), ಇಂಗ್ಲಿಷಿನಿಂದ ಯಂತ್ರ ಅನುವಾದ ಮಾಡಿದ ಪುಟ, ಸ್ಕ್ಯಾನ್ ಮಾಡಿದ ಪಿಡಿಎಫ್. ಸುದ್ದಿಯಲ್ಲಿ ಅಳತೆ ಇರುವುದಿಲ್ಲ. ಯಂತ್ರ ಅನುವಾದದಲ್ಲಿ ಅಳತೆ ಇದ್ದರೂ ವಾಕ್ಯ ಅರ್ಥ ಆಗುವುದಿಲ್ಲ. ಪಿಡಿಎಫ್‌ನಲ್ಲಿ ಎಲ್ಲ ಇದೆ, ಮೊಬೈಲ್‌ನಲ್ಲಿ ಓದಲಾಗುವುದಿಲ್ಲ. ನಿಮ್ಮ ಜಾಗ ಈ ಮೂರರ ನಡುವೆ ಖಾಲಿ ಬಿದ್ದಿದೆ.

ಮೇಲಿನ ಪುಟವೊಂದು ಚೆನ್ನಾಗಿಯೇ ಇದ್ದರೆ? ಆಗ ಅದೇ ವಿಷಯವನ್ನು ಇನ್ನೊಂದು ಸಲ ಬರೆಯಬೇಡಿ. ಪಕ್ಕದ ಪ್ರಶ್ನೆಗೆ ಹೋಗಿ: ದೋಟಿಯಿಂದ (ಉದ್ದ ಕೋಲಿನಿಂದ) ಕೆಳಗೆ ನಿಂತೇ ಹೊಡೆಯುವುದು, ಅಥವಾ ಕೊಳೆರೋಗಕ್ಕೂ ಎಲೆಚುಕ್ಕಿ ರೋಗಕ್ಕೂ ಇರುವ ವ್ಯತ್ಯಾಸ.

ನಿಮ್ಮದೇ ಆದ ಸರಕು

ಗೂಗಲ್ 2022ರ ಆಗಸ್ಟ್‌ನಲ್ಲಿ "ಹೆಲ್ಪ್‌ಫುಲ್ ಕಂಟೆಂಟ್" ಅನ್ನುವ ಬದಲಾವಣೆ ತಂದಿತು. ಹುಡುಕಾಟದಲ್ಲಿ ಮೇಲೆ ಬರಲೆಂದೇ ಬರೆದ, ಓದಿದ ಮೇಲೂ ಇನ್ನೊಂದು ಕಡೆ ಹುಡುಕಬೇಕಾಗುವ ಪುಟಗಳನ್ನು ಕೆಳಗೆ ತಳ್ಳುವುದು ಅದರ ಉದ್ದೇಶ. ಮೊದಲು ಇಂಗ್ಲಿಷಿಗೆ ಬಂತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಎಲ್ಲ ಭಾಷೆಗಳಿಗೂ ಹರಡಿತು. 2024ರ ಮಾರ್ಚ್‌ನಿಂದ ಅದು ಗೂಗಲ್‌ನ ಮೂಲ ರ‍್ಯಾಂಕಿಂಗ್ ವ್ಯವಸ್ಥೆಯಲ್ಲೇ ಸೇರಿಹೋಗಿದೆ. 2022ರ ಡಿಸೆಂಬರ್‌ನಲ್ಲೇ ಇನ್ನೊಂದೂ ಆಯಿತು. ಹುಡುಕಾಟದ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಕೈಪಿಡಿಯಲ್ಲಿ ಪರಿಣತಿ, ಅಧಿಕಾರ, ನಂಬಿಕೆ ಎಂಬ ಮೂರರ ಜೊತೆ "ಅನುಭವ" ಅನ್ನುವ ನಾಲ್ಕನೆಯದು ಸೇರಿತು. ಹಾಗಂತ ಆ ಅಳೆಯುವವರು ಕೊಟ್ಟ ಅಂಕದಿಂದ ನಿಮ್ಮ ಪುಟ ನೇರವಾಗಿ ಮೇಲೆ ಕೆಳಗೆ ಆಗುವುದಿಲ್ಲ. ಗೂಗಲ್ ಯಾವ ದಿಕ್ಕಿಗೆ ಹೊರಟಿದೆ ಅನ್ನೋದು ಮಾತ್ರ ಅದರಿಂದ ತಿಳಿಯುತ್ತದೆ.

ಕೆಲಸ ಮಾಡಿದವರ ಬರವಣಿಗೆ ಬೇರೆ ಥರ ಇರುತ್ತದೆ, ಅಲ್ವಾ? ದ್ರಾವಣ ತಯಾರಿಸುವ ದಿನ ತೋಟಕ್ಕೆ ಹೋಗಿ. ಫೋಟೋ ನೀವೇ ತೆಗೆಯಿರಿ: ತೊಟ್ಟಿನ ಹತ್ತಿರ ನೀರು ಹೀರಿದಂತೆ ಕಪ್ಪು ಹಸಿರಾದ ಕಾಯಿ, ಬುಡದಲ್ಲಿ ಉದುರಿದ ಕಾಯಿಗಳು, ಅವುಗಳ ಮೇಲೆ ಹಬ್ಬಿದ ಬಿಳಿ ಬೂಸ್ಟು. ಬ್ಯಾರಲ್‌ನಲ್ಲಿ ದ್ರಾವಣ ಸರಿಯಾದಾಗ ಬರುವ ಆಕಾಶನೀಲಿ ಬಣ್ಣದ್ದೂ ಒಂದು ಇರಲಿ. ಇಂಟರ್ನೆಟ್‌ನಿಂದ ಎತ್ತಿದ ಚಿತ್ರ ಬೇಡ. ಅದೇ ಚಿತ್ರ ನೂರು ಕಡೆ ಇರುತ್ತದೆ, ಕೆಲವು ಸಲ ಅಡಿಕೆಯದ್ದೂ ಆಗಿರುವುದಿಲ್ಲ.

ನಿಮಗೆ ತೋಟ ಇಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕೂತು ಕೇಳಿ. ಆಮೇಲೆ ಅಳತೆಯನ್ನು ಸಂಶೋಧನಾ ಸಂಸ್ಥೆಯ ಶಿಫಾರಸಿನ ಜೊತೆ ಹೋಲಿಸಿ. ಅಡಿಕೆಗೆ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಇದೆ, ಅದರ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿದೆ. ಔಷಧಿ, ಹಣ, ಆರೋಗ್ಯ, ಕಾನೂನಿನ ವಿಷಯಗಳಲ್ಲಿ "ಯಾರೋ ಹೇಳಿದರು" ಸಾಲದು. ಇಂಥ ವಿಷಯಗಳಲ್ಲಿ ಗೂಗಲ್ ನಂಬಿಕೆಗೆ ಹೆಚ್ಚು ತೂಕ ಕೊಡುತ್ತದೆ. ಅದಕ್ಕಿಂತ ದೊಡ್ಡದು, ತಪ್ಪು ಅಳತೆಯಿಂದ ಒಬ್ಬರ ವರ್ಷದ ಬೆಳೆ ಹೋಗಬಹುದು.

ಬರೆದವರು ಯಾರು ಅಂತ ಪುಟದಲ್ಲಿ ಹಾಕಿ. "ಅಡ್ಮಿನ್" ಅಂತ ಬೇಡ. ಹೆಸರು, ಈ ವಿಷಯದ ಜೊತೆ ನಿಮಗಿರುವ ಸಂಬಂಧ, ಎರಡು ಸಾಲು ಸಾಕು.

ಉತ್ತರ ಮೊದಲು, ಪೀಠಿಕೆ ಆಮೇಲೆ

ಈಗ ಬರವಣಿಗೆ. ಹೆಚ್ಚಿನ ಪುಟಗಳು ಶುರುವಾಗುವುದು ಹೀಗೆ:

"ಅಡಿಕೆಯು ನಮ್ಮ ರಾಜ್ಯದ ಪ್ರಮುಖ ವಾಣಿಜ್ಯ ಬೆಳೆಯಾಗಿದ್ದು, ಅನೇಕ ರೈತರ ಜೀವನಾಧಾರವಾಗಿದೆ. ಇತ್ತೀಚಿನ ದಿನಗಳಲ್ಲಿ ಅಡಿಕೆ ಬೆಳೆಗೆ ಅನೇಕ ರೋಗಗಳು ಬಾಧಿಸುತ್ತಿದ್ದು, ಅವುಗಳಲ್ಲಿ ಕೊಳೆರೋಗವು ಪ್ರಮುಖವಾಗಿದೆ. ಈ ಲೇಖನದಲ್ಲಿ ನಾವು ಬೋರ್ಡೋ ದ್ರಾವಣದ ಬಗ್ಗೆ ವಿವರವಾಗಿ ತಿಳಿದುಕೊಳ್ಳೋಣ."

ಬ್ಯಾರಲ್ ಪಕ್ಕ ನಿಂತ ಹುಡುಗನಿಗೆ ಇದರಲ್ಲಿ ಒಂದಕ್ಷರವೂ ಹೊಸದಲ್ಲ. ಅವನು ಹಿಂದೆ ಹೋಗಿ ಮುಂದಿನ ಪುಟ ತೆರೆಯುತ್ತಾನೆ. ಇದನ್ನೇ ಹೀಗೆ ಬರೆಯಬಹುದು:

"200 ಲೀಟರ್ ಬ್ಯಾರಲ್‌ಗೆ ಶೇ. 1ರ ಬೋರ್ಡೋ ದ್ರಾವಣ ಬೇಕಾದರೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ. 100 ಲೀಟರಿಗೆ ಒಂದೊಂದು ಕೆಜಿ. ತುತ್ತವನ್ನು ಅರ್ಧ ನೀರಿನಲ್ಲಿ, ಸುಣ್ಣವನ್ನು ಉಳಿದರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಆಗಬಹುದು. ತಯಾರಿಸಿದ ದಿನವೇ ಹೊಡೆದು ಮುಗಿಸಿ."

ಬಂದವನ ತುರ್ತು ಇಷ್ಟಕ್ಕೆ ತೀರಿತು. ಹೀಗೆ ಮೊದಲೇ ಹೇಳಿಬಿಟ್ಟರೆ ಮುಂದೆ ಯಾರು ಓದುತ್ತಾರೆ ಅಂತ ಹೆದರುವವರಿದ್ದಾರೆ. ಓದುತ್ತಾರೆ. ಉತ್ತರ ನಂಬುವ ಹಾಗಿದ್ದರೆ ಮುಂದಿನ ಅನುಮಾನಕ್ಕೂ ಇಲ್ಲೇ ನೋಡೋಣ ಅನಿಸುತ್ತದೆ. ಆ ಅನುಮಾನ ಯಾವುದು ಅಂತ ಊಹಿಸುವುದೇ ಪುಟದ ಉಳಿದ ಭಾಗದ ಕೆಲಸ. ನಮ್ಮ ಪುಟದಲ್ಲಿ ಅದು ಇದು: "ಸರಿಯಾಗಿ ಆಗಿದೆ ಅಂತ ಗೊತ್ತಾಗುವುದು ಹೇಗೆ?" ಉತ್ತರ: ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ. ಅದರ ಮೇಲೆ ಕೆಂಪಗೆ ತಾಮ್ರ ಹತ್ತಿದರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಏನೂ ಹತ್ತದಿದ್ದರೆ ದ್ರಾವಣ ಸರಿ. ಈ ಚಾಕುವಿನ ಎರಡು ಫೋಟೋ, ಹತ್ತಿದ್ದು ಒಂದು, ಹತ್ತದ್ದು ಒಂದು, ಪಕ್ಕಪಕ್ಕ ಹಾಕಿ. ಪುಟದ ಜೀವ ಅಲ್ಲಿದೆ.

ಆಮೇಲಿನ ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಯಾವಾಗ ಹೊಡೆಯಬೇಕು: ಮೊದಲನೆಯದು ಮಳೆ ಹಿಡಿಯುವ ಹೊತ್ತಿಗೆ, ಎರಡನೆಯದು 40-45 ದಿನಕ್ಕೆ, ಮಳೆ ಬಿಡದಿದ್ದರೆ ಮೂರನೆಯದು. ಗೊನೆಯ ಎಲ್ಲ ಕಾಯಿಗೂ ತಾಗುವ ಹಾಗೆ ಹೊಡೆಯುವುದು. ಉದುರಿದ ಕಾಯಿ, ರೋಗ ಬಂದ ಗೊನೆ ತೋಟದಲ್ಲೇ ಬಿಡಬಾರದು, ಯಾಕೆಂದರೆ ರೋಗಕಾರಕ ಅಲ್ಲಿಂದಲೇ ಹರಡುತ್ತದೆ. ಇವೆಲ್ಲ ಒಂದೊಂದು ಉಪಶೀರ್ಷಿಕೆ.

ಇತಿಹಾಸ ಹಾಕಲೇಬಾರದು ಅಂತಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಷ್ಟು ಹಿಂದೆಯೇ ಅಡಿಕೆಯ ಕೊಳೆರೋಗದ ಮೇಲೆ ವರದಿ ಬರೆದಿದ್ದರು. ನನಗೆ ಇಷ್ಟವಾದ ಸಂಗತಿ ಅದು. ಆದರೆ ಅದರ ಜಾಗ ಪುಟದ ಕೊನೆಯಲ್ಲಿ, ಅಥವಾ ಬೇರೆ ಪುಟದಲ್ಲಿ.

ಉದ್ದ ಎಷ್ಟಿರಬೇಕು ಅಂತ ಎಲ್ಲರೂ ಕೇಳುತ್ತಾರೆ. ಎರಡು ಸಾವಿರ ಪದ ಇದ್ದರೆ ರ‍್ಯಾಂಕ್ ಆಗುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಪದಗಳ ಎಣಿಕೆ ನೋಡಿ ರ‍್ಯಾಂಕ್ ಮಾಡುವುದಿಲ್ಲ ಅಂತ ಗೂಗಲ್‌ನವರೇ ಹೇಳಿದ್ದಾರೆ. ಪ್ರಶ್ನೆ ಮುಗಿದಲ್ಲಿ ಪುಟ ಮುಗಿಯಲಿ.

ಭಾಷೆಯ ಬಗ್ಗೆ ಒಂದು ಮಾತು. ಹಿಂದೆ ಕೂಡಿಸಿದ ಊರಿನ ಮಾತುಗಳನ್ನು ಪುಟದಲ್ಲಿ ಸಹಜವಾಗಿ ಹರಡಿ. "ಮೈಲುತುತ್ತ (ಅಂಗಡಿಯಲ್ಲಿ ತುತ್ತ ಅಂದರೂ ಕೊಡುತ್ತಾರೆ)" ಅಂತ ಒಂದು ಸಲ ಬಂದರೆ ಸಾಕು. ಒಂದೇ ಸಾಲಲ್ಲಿ "ಅಡಿಕೆ ಕೊಳೆರೋಗ, ಅಡಿಕೆ ಕೊಳೆ, ಅಡಿಕೆ ಮಹಾಳಿ, ಅಡಿಕೆ ರೋಗ ಔಷಧಿ" ಅಂತ ತುರುಕಿದರೆ ಓದುವವರಿಗೆ ಕಿರಿಕಿರಿ, ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೂ ವಿರುದ್ಧ. ಅಡಿಕೆಗೆ, ಅಡಿಕೆಯ, ಅಡಿಕೆಯಲ್ಲಿ ಅಂತ ವಿಭಕ್ತಿ ಬದಲಾದರೆ ಗೂಗಲ್‌ಗೆ ತಿಳಿಯುತ್ತದೋ ಇಲ್ಲವೋ ಅಂತ ತಲೆ ಕೆಡಿಸಿಕೊಂಡು ವಾಕ್ಯ ಕೆಡಿಸಬೇಡಿ. ಸಹಜವಾಗಿ ಬರೆದ ಕನ್ನಡದಲ್ಲಿ ಎಲ್ಲ ರೂಪವೂ ತಾನಾಗಿಯೇ ಬರುತ್ತದೆ.

ಶೀರ್ಷಿಕೆ

ಹುಡುಕಾಟದ ಫಲಿತಾಂಶದಲ್ಲಿ ಕಾಣುವುದು ಶೀರ್ಷಿಕೆ, ಎರಡು ಸಾಲು ವಿವರಣೆ, ಅಷ್ಟೇ. ಮೊಬೈಲ್‌ನಲ್ಲಿ ಉದ್ದದ ಶೀರ್ಷಿಕೆ ನಡುವೆ ಕತ್ತರಿಸಿಹೋಗುತ್ತದೆ, ಕನ್ನಡ ಪದಗಳು ಜಾಗವೂ ಜಾಸ್ತಿ ತಿನ್ನುತ್ತವೆ. ಮುಖ್ಯವಾದದ್ದು ಎದುರಿಗೇ ಇರಲಿ. "ಬೋರ್ಡೋ ದ್ರಾವಣ: 200 ಲೀಟರಿಗೆ ಎಷ್ಟು ತುತ್ತ, ಎಷ್ಟು ಸುಣ್ಣ" ಚೆನ್ನಾಗಿದೆ. "ರೈತರೇ ಎಚ್ಚರ! ಈ ಒಂದು ತಪ್ಪು ಮಾಡಿದರೆ ಅಡಿಕೆ ಬೆಳೆ ನಾಶ" ಅನ್ನುವುದಕ್ಕೆ ಕ್ಲಿಕ್ ಬರಬಹುದು, ಬಂದವರು ಬೈದುಕೊಂಡು ಹೋಗುತ್ತಾರೆ.

ಮೆಟಾ ವಿವರಣೆಯಿಂದ (ಶೀರ್ಷಿಕೆಯ ಕೆಳಗೆ ತೋರಿಸಲು ನೀವು ಬರೆದುಕೊಡುವ ಆ ಎರಡು ಸಾಲಿನಿಂದ) ರ‍್ಯಾಂಕ್ ಏರುವುದಿಲ್ಲ, ಆದರೆ ಕ್ಲಿಕ್ ಮಾಡಬೇಕೋ ಬೇಡವೋ ಅಂತ ಓದುಗ ತೀರ್ಮಾನಿಸುವುದು ಅದನ್ನು ನೋಡಿ. ಗೂಗಲ್ ಎಷ್ಟೋ ಸಲ ನಿಮ್ಮದನ್ನು ಬಿಟ್ಟು ಪುಟದೊಳಗಿನ ಸಾಲನ್ನೇ ತೆಗೆದು ತೋರಿಸುತ್ತದೆ. ಮೊದಲ ಪ್ಯಾರಾ ಗಟ್ಟಿ ಇದ್ದರೆ ಆಗಲೂ ನಷ್ಟ ಇಲ್ಲ. ಇನ್ನು ಮೆಟಾ ಕೀವರ್ಡ್ಸ್ ಅಂತ, ಪುಟದ ಕೋಡಿನಲ್ಲಿ ಹುಡುಕು ಪದ ತುಂಬುವ ಒಂದು ಟ್ಯಾಗ್ ಇದೆ, ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಅದನ್ನು ತುಂಬಿಸಿಕೊಡುತ್ತೇವೆ ಅಂತ ಈಗಲೂ ದುಡ್ಡು ಕೇಳುವವರಿದ್ದಾರೆ. ಕೊಡಬೇಡಿ.

ಕನ್ನಡದ್ದೇ ಆದ ತಾಂತ್ರಿಕ ತೊಡಕುಗಳು

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ.

ಮೊದಲನೆಯದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಅಕ್ಷರ ಗುರುತಿಸಲು ಬಳಸುವ ಸಮಾನ ಸಂಕೇತ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಅದನ್ನು ಹಾಗೇ ವೆಬ್‌ಗೆ ಹಾಕಿದರೆ ಗೂಗಲ್ ಪಾಲಿಗೆ ನಿಮ್ಮ ಪುಟ ಕನ್ನಡದ್ದೇ ಅಲ್ಲ. ಪರೀಕ್ಷೆ ಸುಲಭ: ಪುಟದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಸರಿ. ಕಲಸುಮೇಲೋಗರ ಬಂದರೆ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ತಿರುಗಿಸಿ, ಆಮೇಲೆ ಪೂರ್ತಿ ಓದಿ ನೋಡಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾರಿರುತ್ತವೆ. ಪತ್ರಿಕೆ, ಸಂಘ ಸಂಸ್ಥೆಗಳ ಹಳೆಯ ಸಂಗ್ರಹದಲ್ಲಿ ಇಂಥ ಬರಹ ರಾಶಿ ಇರುತ್ತದೆ. ಹೊಸದೇನೂ ಬರೆಯದೆ, ಅದನ್ನು ಯೂನಿಕೋಡ್‌ಗೆ ತಂದು ತಿದ್ದಿ ಹಾಕಿದರೂ ದೊಡ್ಡ ಲಾಭ.

ಎರಡನೆಯದು ಚಿತ್ರದೊಳಗಿನ ಬರಹ. ವಾಟ್ಸ್ಆ್ಯಪ್‌ಗೆ ಮಾಡಿದ ಪೋಸ್ಟರ್‌ನಲ್ಲೇ ಅಳತೆಯ ಪಟ್ಟಿ ಬರೆದು ಅದನ್ನೇ ವೆಬ್‌ಗೆ ಹಾಕುವ ಅಭ್ಯಾಸ ಇದೆ. ಚಿತ್ರದೊಳಗಿನ ಕನ್ನಡ ಹುಡುಕಾಟಕ್ಕೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಪಟ್ಟಿಯನ್ನು ಪಠ್ಯವಾಗಿ ಟೈಪ್ ಮಾಡಿ. ಫೋಟೋಗಳಿಗೆ ಆಲ್ಟ್ ಪಠ್ಯ (ಚಿತ್ರದಲ್ಲಿ ಏನಿದೆ ಅಂತ ಹೇಳುವ ಸಾಲು) ಬರೆಯಿರಿ: "ಚಾಕುವಿನ ಮೇಲೆ ತಾಮ್ರ ಹತ್ತಿದೆ, ದ್ರಾವಣಕ್ಕೆ ಸುಣ್ಣ ಸಾಲದು". ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದೂ ಇದನ್ನೇ.

ಮೂರನೆಯದು ವಿಳಾಸ, ಅಂದರೆ ಯುಆರ್‌ಎಲ್. ಕನ್ನಡ ಅಕ್ಷರದಲ್ಲೇ ಇಟ್ಟರೂ ಗೂಗಲ್‌ಗೆ ತೊಂದರೆ ಇಲ್ಲ. ಆದರೆ ಕಾಪಿ ಮಾಡಿ ಕಳಿಸುವಾಗ ಒಂದೊಂದು ಅಕ್ಷರವೂ ಬಿಚ್ಚಿಕೊಳ್ಳುತ್ತದೆ. ಬರೀ ಒಂದು "ಕ" ಒಂಬತ್ತು ಚಿಹ್ನೆ ಆಗುತ್ತದೆ, ಐದು ಪದದ ವಿಳಾಸ ಪರದೆ ತುಂಬುತ್ತದೆ. ಗುಂಪಿನಲ್ಲಿ ಅದನ್ನು ನೋಡಿದವರು ವೈರಸ್ ಇರಬೇಕು ಅಂತ ಮುಟ್ಟುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇಡಿ ಅನ್ನುವುದು ನನ್ನ ಮತ. ಒಮ್ಮೆ ಇಟ್ಟ ಮೇಲೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರಿಡೈರೆಕ್ಟ್ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿ.

ನಾಲ್ಕನೆಯದು, ಥೀಮ್, ಅಂದರೆ ಸೈಟಿನ ಸಿದ್ಧ ವಿನ್ಯಾಸ. ಮೆನು, ಬಟನ್, ಅಡಿಬರಹ, ಪಕ್ಕದ ಪಟ್ಟಿ ಎಲ್ಲ ಇಂಗ್ಲಿಷ್, ನಡುವೆ ನಾಲ್ಕು ಪ್ಯಾರಾ ಕನ್ನಡ, ಹೀಗಿರುತ್ತವೆ ಎಷ್ಟೋ ಸೈಟ್‌ಗಳು. ಗೂಗಲ್ ಪುಟದ ಭಾಷೆಯನ್ನು ಕಾಣುವ ಪಠ್ಯದಿಂದ ಗುರುತಿಸುತ್ತದೆ. ಮೆನುವನ್ನೂ ಕನ್ನಡ ಮಾಡಿ.

ವೇಗ ಮತ್ತು ಮೊಬೈಲ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಗೂಗಲ್ ಈಗ ಸೈಟ್‌ಗಳನ್ನು ನೋಡುವುದೇ ಮೊಬೈಲ್ ರೂಪದಲ್ಲಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಓದುತ್ತಿರುವಾಗ ಜಾಹೀರಾತು ಬಂದು ಸಾಲು ಕೆಳಗೆ ಜಿಗಿಯಬಾರದು. ಅಳೆಯಲು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ, ಉಚಿತ. ಸಾಮಾನ್ಯವಾಗಿ ತಪ್ಪಿತಸ್ಥರು ಇಬ್ಬರೇ: ಕ್ಯಾಮೆರಾದಿಂದ ನೇರ ಹಾಕಿದ ದೊಡ್ಡ ಫೋಟೋ, ಲೆಕ್ಕವಿಲ್ಲದಷ್ಟು ಜಾಹೀರಾತು. ಅವನ್ನು ಸರಿಮಾಡಿದರೆ ಬಹುಪಾಲು ಮುಗಿಯಿತು. ನೂರಕ್ಕೆ ನೂರು ಅಂಕ ಬರಬೇಕು ಅಂತ ವಾರಗಟ್ಟಲೆ ಕೂರಬೇಡಿ, ಆ ಸಮಯಕ್ಕೆ ಇನ್ನೊಂದು ಪುಟ ಬರೆಯಬಹುದು.

ಕೊಂಡಿಗಳು

ಕೊಂಡಿ ಅಂದರೆ ಲಿಂಕ್. ಕೊಳೆರೋಗದ ಪುಟ ಒಂಟಿಯಾಗಿ ನಿಂತರೆ ಬಲ ಕಡಿಮೆ. ದೋಟಿ ಬಳಕೆ, ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟುವುದು, ಎಲೆಚುಕ್ಕಿ, ಬಸಿಗಾಲುವೆ, ಇವುಗಳ ಪುಟ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಲಿ. ಕೊಂಡಿಯ ಮಾತು "ಇಲ್ಲಿ ಕ್ಲಿಕ್ ಮಾಡಿ" ಆಗಿರದೆ "ದೋಟಿಯಿಂದ ಹೊಡೆಯುವ ಕ್ರಮ" ಅಂತಿರಲಿ. ಓದುಗನಿಗೂ ಗೂಗಲ್‌ಗೂ ಮುಂದೆ ಏನಿದೆ ಅಂತ ಗೊತ್ತಾಗುತ್ತದೆ.

ಹೊರಗಿನ ಕೊಂಡಿಗಳ ಮಾತು ಬೇರೆ. ಬೇರೆ ಸೈಟ್‌ಗಳು ನಿಮ್ಮ ಕಡೆ ಕೊಂಡಿ ಕೊಟ್ಟರೆ ಬೆಲೆ ಏರುತ್ತದೆ ಅನ್ನುವ ವಿಚಾರದ ಮೇಲೆಯೇ 1998ರಲ್ಲಿ ಗೂಗಲ್ ಹುಟ್ಟಿದ್ದು. ಅದಕ್ಕೇ ಕೊಂಡಿ ಮಾರುವ ದಂಧೆಯೂ ಹುಟ್ಟಿತು. ಕೊಳ್ಳಬೇಡಿ, ಅದು ಸ್ಪ್ಯಾಮ್ ಅಂತ ಗೂಗಲ್ ನಿಯಮದಲ್ಲೇ ಇದೆ. ಕನ್ನಡದಲ್ಲಿ ನ್ಯಾಯವಾದ ದಾರಿ ನಿಧಾನದ್ದು: ಸಹಕಾರ ಸಂಘದವರಿಗೆ, ಕೃಷಿ ಪತ್ರಕರ್ತರಿಗೆ ಪುಟ ತೋರಿಸಿ. ಚಾಕು ಪರೀಕ್ಷೆಯ ಫೋಟೋ ಬಳಸಿಕೊಳ್ಳಿ, ಮೂಲ ಹೇಳಿ ಸಾಕು ಅನ್ನಿ. ಬೇರೆ ಕಡೆ ಇಲ್ಲದ್ದು ನಿಮ್ಮಲ್ಲಿದ್ದರೆ ಕೊಂಡಿ ಬರುತ್ತದೆ.

ಹಾಕಿದ ಮೇಲೆ

ಸೈಟನ್ನು ಗೂಗಲ್ ಸರ್ಚ್ ಕನ್ಸೋಲ್‌ಗೆ (ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗಿದೆ ಅಂತ ತೋರಿಸುವ ಗೂಗಲ್‌ನ ಉಚಿತ ಸಾಧನ) ಸೇರಿಸಿ. ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಕೊಡಿ, ಹೊಸ ಪುಟದ ವಿಳಾಸ ಹಾಕಿ ಇಂಡೆಕ್ಸ್ ಮಾಡಲು, ಅಂದರೆ ಗೂಗಲ್ ತನ್ನ ಪಟ್ಟಿಗೆ ಸೇರಿಸಿಕೊಳ್ಳಲು, ಕೇಳಿಕೊಳ್ಳಿ. ಆಮೇಲೆ ತಾಳ್ಮೆ. ಬದಲಾವಣೆ ಕಾಣಲು ಕೆಲವು ಗಂಟೆಯಿಂದ ಹಿಡಿದು ತಿಂಗಳುಗಳೂ ಬೇಕಾಗಬಹುದು. ದಿನಾ ಬೆಳಿಗ್ಗೆ ರ‍್ಯಾಂಕ್ ನೋಡುವುದರಿಂದ ಬಿಪಿ ಮಾತ್ರ ಏರುತ್ತದೆ.

ಒಂದೆರಡು ತಿಂಗಳ ನಂತರ ಪರ್ಫಾರ್ಮೆನ್ಸ್ ವರದಿ ತೆರೆಯಿರಿ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಜಾಗ, ಎಲ್ಲ ಅಲ್ಲಿದೆ. ಪುಟ ಹಾಕಿದ ಮೇಲೆ ಕನ್ನಡಕ್ಕೆ ಇದೇ ನಿಜವಾದ ಕೀವರ್ಡ್ ಟೂಲ್. ನೀವು ಊಹಿಸದ ಹುಡುಕಾಟಗಳು ಅಲ್ಲಿ ಕಾಣುತ್ತವೆ. "ಬೋರ್ಡೋ ಮರುದಿನ ಬಳಸಬಹುದಾ" ಅಂತ ಹುಡುಕಿದಾಗ ನಿಮ್ಮ ಪುಟ ಹನ್ನೆರಡನೇ ಜಾಗದಲ್ಲಿ ಕಂಡಿದೆ ಅಂತಿಟ್ಟುಕೊಳ್ಳಿ. ಪುಟದಲ್ಲಿ ಅದರ ಬಗ್ಗೆ ಇರುವುದು ಅರ್ಧ ಸಾಲು. ಅದನ್ನು ಒಂದು ಉಪಶೀರ್ಷಿಕೆ ಮಾಡಿ ಸರಿಯಾಗಿ ವಿವರಿಸಿ. ಕಂಡದ್ದು ಸಾವಿರ ಸಲ, ಒತ್ತಿದವರು ಬೆರಳೆಣಿಕೆ ಅಂತಾದರೆ ಶೀರ್ಷಿಕೆ ತಿದ್ದಿ. ಹುಡುಕಿದ್ದೇ ಬೇರೆ, ಪುಟವೇ ಬೇರೆ ಅಂತಾದರೆ ಅದಕ್ಕೆ ಹೊಸ ಪುಟ ಬರೆಯಿರಿ.

ಈಗೀಗ ಫಲಿತಾಂಶದ ತುದಿಯಲ್ಲೇ ಎಐ ಉತ್ತರ ಬರುವುದು ಜಾಸ್ತಿಯಾಗಿದೆ. "100 ಲೀಟರಿಗೆ ಎಷ್ಟು ತುತ್ತ" ಅನ್ನುವಷ್ಟಕ್ಕೆ ಜನ ನಿಮ್ಮ ಪುಟದವರೆಗೆ ಬರದೇ ಹೋಗಬಹುದು. ಆ ಕ್ಲಿಕ್ ಹೋಯಿತು ಅಂತಲೇ ಲೆಕ್ಕ ಇಡಿ. ಚಾಕುವಿನ ಫೋಟೋ, ಮಳೆ ಬಂದರೆ ಮತ್ತೆ ಹೊಡೆಯಬೇಕೇ ಅನ್ನುವ ವಿವೇಚನೆ, ನಿಮ್ಮ ಭಾಗದ ಅನುಭವ, ಇವಕ್ಕೆ ಬರುವವರು ಬಂದೇ ಬರುತ್ತಾರೆ.

ಎಐನಿಂದ ಬರೆಸಬಹುದೇ ಅನ್ನುವ ಪ್ರಶ್ನೆಯೂ ಬರುತ್ತದೆ. ಹೇಗೆ ಬರೆದಿರಿ ಅನ್ನೋದಕ್ಕಿಂತ ಏನು ಬರೆದಿರಿ ಅನ್ನೋದನ್ನು ನೋಡುತ್ತೇವೆ ಅಂತ 2023ರ ಫೆಬ್ರವರಿಯಲ್ಲಿ ಗೂಗಲ್ ಹೇಳಿತು. 2024ರ ಮಾರ್ಚ್‌ನಲ್ಲಿ, ರ‍್ಯಾಂಕಿಂಗ್‌ಗೋಸ್ಕರ ಉಪಯೋಗವಿಲ್ಲದ ಪುಟಗಳನ್ನು ರಾಶಿಗಟ್ಟಲೆ ಸುರಿಯುವುದನ್ನು, ಯಂತ್ರ ಮಾಡಲಿ ಮನುಷ್ಯ ಮಾಡಲಿ, ಸ್ಪ್ಯಾಮ್ ಅಂತ ಸೇರಿಸಿತು. ಕರಡು ತಿದ್ದಲು, ಪ್ರಶ್ನೆ ಪಟ್ಟಿ ಮಾಡಲು ಬಳಸಿ. ಅಳತೆಯನ್ನು ಮಾತ್ರ ಅದರ ಬಾಯಿಂದ ಕೇಳಿ ಹಾಗೇ ಹಾಕಬೇಡಿ.

ಮುಂದಿನ ಮಾರ್ಚ್‌ನಲ್ಲಿ ಈ ಪುಟವನ್ನು ಮತ್ತೆ ತೆಗೆಯಿರಿ. ಶಿಫಾರಸು ಬದಲಾಗಿದೆಯೇ, ಹೋದ ಮಳೆಗಾಲದಲ್ಲಿ ಬಂದ ಹುಡುಕಾಟಗಳಲ್ಲಿ ಉತ್ತರ ಸಿಗದೇ ಉಳಿದದ್ದು ಯಾವುದು, ಸತ್ತ ಕೊಂಡಿಗಳಿವೆಯೇ ಅಂತ ನೋಡಿ ತಿದ್ದಿ. ತಿದ್ದಿದ್ದರೆ ಮಾತ್ರ "ಪರಿಷ್ಕರಿಸಿದ ದಿನಾಂಕ" ಬದಲಿಸಿ. ಒಳಗೆ ಏನೂ ಮುಟ್ಟದೆ ದಿನಾಂಕ ಮಾತ್ರ ಹೊಸದು ಮಾಡುವವರಿದ್ದಾರೆ. ಕಳೆದ ವರ್ಷವೂ ಬಂದಿದ್ದ ಓದುಗರು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ.